ಹದಿನೆಂಟು ಉತ್ತರಪತ್ರಿಕೆಗಳು

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ದಿನಗಳಲ್ಲಿ ಊರೂರುಗಳಲ್ಲಿ ಸನ್ಮಾನ ಸಮಾರಂಭಗಳು ನಡೆಯುತ್ತವೆ. ಶಾಲು ಹೊದಿಸಿ, ಹಾರ ಹಾಕಿ, ಫಲಕವನ್ನು ಕೈಗಿತ್ತು, ಮಕ್ಕಳೊಡನೆ ಹೆತ್ತವರನ್ನೂ ವೇದಿಕೆಗೆ ಕರೆದು ಚಪ್ಪಾಳೆ ತಟ್ಟುತ್ತೇವೆ. ಇದು ಒಳ್ಳೆಯ ಸಂಪ್ರದಾಯವೇ. ಆದರೆ ಆ ಸಾಧನೆಯ ಹಿಂದೆ ಎಷ್ಟು ವರ್ಷಗಳ ದುಡಿಮೆ ಅಡಗಿದೆ, ಸಮಾರಂಭ ಮುಗಿದ ಮೇಲೆ ಆ ದುಡಿಮೆಯನ್ನು ಯಾರು ಮುಂದುವರಿಸುತ್ತಾರೆ ಎಂದು ನಾವು ಕೇಳಿಕೊಳ್ಳುವುದು ಅಪರೂಪ. ಈ ಎರಡು ಪ್ರಶ್ನೆಗಳಿಗೂ ಸ್ಪಷ್ಟವಾದ ಉತ್ತರ ಕೊಡುವ ಶಾಲೆಯೊಂದರ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಆ ಶಾಲೆ ಇರುವುದು ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. ಅದರ ಹೆಸರು ಗಾರ್‌ಫೀಲ್ಡ್ ಪ್ರೌಢಶಾಲೆ.

ಮೊದಲಿಗೆ ಒಂದು ಪದದ ಅರ್ಥವನ್ನು ತಿಳಿದುಕೊಳ್ಳೋಣ. ನಮ್ಮಲ್ಲಿ 'ಪಬ್ಲಿಕ್ ಸ್ಕೂಲ್' ಎಂದೊಡನೆ ದುಬಾರಿ ಶುಲ್ಕದ ಖಾಸಗಿ ಶಾಲೆಯೇ ಕಣ್ಣ ಮುಂದೆ ಬರುತ್ತದೆ. ಅಮೆರಿಕದಲ್ಲಿ ಅದರ ಅರ್ಥ ಇದಕ್ಕೆ ತದ್ವಿರುದ್ಧ. ಜನರ ತೆರಿಗೆಯ ಹಣದಿಂದ ನಡೆಯುವ, ಎಲ್ಲ ಮಕ್ಕಳಿಗೂ ತೆರೆದಿರುವ ಉಚಿತ ಶಾಲೆಗೆ ಅಲ್ಲಿ ಆ ಹೆಸರು. ಇಂತಹ ಶಾಲೆಗಳನ್ನು ಒಟ್ಟುಗೂಡಿಸಿ ಆಡಳಿತ ನಡೆಸುವ ಘಟಕವೇ 'ಶಾಲಾ ಜಿಲ್ಲೆ'. ನಮ್ಮ ಕಂದಾಯ ಜಿಲ್ಲೆಗಿಂತ ಇದು ಬೇರೆ. ಸಾಮಾನ್ಯವಾಗಿ ಜನರೇ ಆರಿಸಿದ ಒಂದು ಮಂಡಳಿ ಇದರ ಹೊಣೆ ಹೊರುತ್ತದೆ. 1961ರಲ್ಲಿ ರೂಪುಗೊಂಡ ಲಾಸ್ ಏಂಜಲಿಸ್ ಯೂನಿಫೈಡ್ ಶಾಲಾ ಜಿಲ್ಲೆಯು ನ್ಯೂಯಾರ್ಕಿನ ನಂತರ ಆ ದೇಶದಲ್ಲೇ ಎರಡನೆಯ ಅತಿ ದೊಡ್ಡ ಶಾಲಾ ಜಿಲ್ಲೆ. 1925ರಲ್ಲಿ ಆರಂಭವಾದ ಗಾರ್‌ಫೀಲ್ಡ್ ಶಾಲೆ ಈ ಜಿಲ್ಲೆಗೇ ಸೇರಿದೆ.

ಬಾಗಿಲಿನಿಂದ ಹೊರನಡೆದ ಮಕ್ಕಳು

ಗಾರ್‌ಫೀಲ್ಡ್ ಶಾಲೆ ಇರುವ ಪೂರ್ವ ಲಾಸ್ ಏಂಜಲಿಸ್ ಮೆಕ್ಸಿಕೊ ಮೂಲದ ದುಡಿಯುವ ಕುಟುಂಬಗಳ ನೆಲೆ. ಮನೆಯ ಮಾತು ಸ್ಪ್ಯಾನಿಷ್, ಶಾಲೆಯ ಮಾತು ಇಂಗ್ಲಿಷ್. ತರಗತಿಯಲ್ಲಿ ಮನೆಮಾತನ್ನಾಡಿದ ತಪ್ಪಿಗೆ ಮಕ್ಕಳು ಶಿಕ್ಷೆಗೆ ಗುರಿಯಾಗುತ್ತಿದ್ದ ಕಾಲವೊಂದಿತ್ತು. ಈ ಮಕ್ಕಳು ಉನ್ನತ ವ್ಯಾಸಂಗಕ್ಕೆ ಹೋಗುವವರಲ್ಲ, ಕೈಕೆಲಸ ಕಲಿತರೆ ಸಾಕು ಎಂಬ ಭಾವನೆ ಶಾಲೆಗಳಲ್ಲಿ ಬೇರೂರಿತ್ತು. ಓದನ್ನು ಅರ್ಧಕ್ಕೆ ಬಿಟ್ಟುಹೋಗುವವರ ಸಂಖ್ಯೆ ಬಹಳವಾಗಿತ್ತು.

1968ರ ಮಾರ್ಚ್ ತಿಂಗಳಿನಲ್ಲಿ ಆ ಪ್ರದೇಶದ ಹಲವು ಶಾಲೆಗಳ ಸಾವಿರಾರು ವಿದ್ಯಾರ್ಥಿಗಳು ತರಗತಿಗಳನ್ನು ತೊರೆದು ಬೀದಿಗಿಳಿದರು. ಗಾರ್‌ಫೀಲ್ಡಿನ ಮಕ್ಕಳೂ ಅವರಲ್ಲಿದ್ದರು. ಲಿಂಕನ್ ಶಾಲೆಯ ಅಧ್ಯಾಪಕರಾದ ಸಾಲ್ ಕ್ಯಾಸ್ಟ್ರೊ ಅವರಿಗೆ ಬೆಂಬಲವಾಗಿ ನಿಂತರು. ಆ ಮಕ್ಕಳು ಪಾಠಗಳಿಗೆ ರಜೆ ಬೇಡಲಿಲ್ಲ. ಒಳ್ಳೆಯ ಪಾಠಗಳನ್ನೇ ಬೇಡಿದರು. ತಮ್ಮ ಭಾಷೆಗೂ ಚರಿತ್ರೆಗೂ ಗೌರವ, ಕಾಲೇಜಿಗೆ ಹೋಗಲು ಬೇಕಾದ ಶಿಕ್ಷಣ, ತಮ್ಮ ಮೇಲೆ ನಂಬಿಕೆಯುಳ್ಳ ಅಧ್ಯಾಪಕರು, ಇವೇ ಅವರ ಬೇಡಿಕೆಗಳಾಗಿದ್ದವು. ಮುಂದೆ ನಡೆದುದನ್ನು ಅರಿಯಬೇಕಾದರೆ ಈ ಘಟನೆಯನ್ನು ಮರೆಯುವಂತಿಲ್ಲ. ಕಲಿಯುವ ಹಸಿವು ಆ ಮಕ್ಕಳಲ್ಲಿ ಮೊದಲಿನಿಂದಲೂ ಇತ್ತು. ಬಡಿಸುವ ಕೈ ಇರಲಿಲ್ಲ.

ನೆಲ ಒರೆಸಿದ ಗಣಿತಜ್ಞ

ಆರು ವರ್ಷಗಳ ನಂತರ, 1974ರಲ್ಲಿ, ಆ ಶಾಲೆಗೆ ಹೈಮೆ ಎಸ್ಕಲಾಂಟೆ ಎಂಬ ಅಧ್ಯಾಪಕರು ಬಂದರು. ಅವರು ಜನಿಸಿದ್ದು 1930ರ ಡಿಸೆಂಬರ್ 31ರಂದು, ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಲಾ ಪಾಸ್‌ನಲ್ಲಿ. ತಂದೆತಾಯಿ ಇಬ್ಬರೂ ಶಾಲಾ ಶಿಕ್ಷಕರು. ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಸಾನ್ ಕಾಲಿಕ್ಸ್ತೊ ಶಾಲೆಯಲ್ಲಿ ಓದಿದ ಎಸ್ಕಲಾಂಟೆಯವರು ತಮ್ಮ ನಾಡಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿ ಹೆಸರು ಗಳಿಸಿದ್ದರು. 1963ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ವಲಸೆ ಬಂದರು. ಅಲ್ಲಿ ಅವರ ಪದವಿಗೂ ಅನುಭವಕ್ಕೂ ಮನ್ನಣೆ ದೊರೆಯಲಿಲ್ಲ. ಇಂಗ್ಲಿಷ್ ಭಾಷೆಯೂ ಬಾರದು. ಉಪಾಹಾರ ಗೃಹವೊಂದರಲ್ಲಿ ನೆಲ ಒರೆಸುತ್ತಾ, ಅಡುಗೆ ಮಾಡುತ್ತಾ, ಸಂಜೆಯ ಹೊತ್ತು ವಿದ್ಯಾರ್ಥಿಯಾಗಿ ಕುಳಿತು ಹತ್ತು ವರ್ಷಗಳ ಕಾಲ ಮತ್ತೊಮ್ಮೆ ಓದಿದರು. ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಂದರಲ್ಲಿ ಉತ್ತಮ ಸಂಬಳದ ಉದ್ಯೋಗ ದೊರೆತಿದ್ದರೂ ಅದನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ಗಾರ್‌ಫೀಲ್ಡ್ ಶಾಲೆಯನ್ನು ಸೇರಿದರು.

ಅಲ್ಲಿ ಅವರಿಗೆ ಸಿಕ್ಕಿದ್ದು ಪ್ರೌಢಶಾಲೆಯ ಮಕ್ಕಳಿಗೆ ಕೂಡುವುದು, ಕಳೆಯುವುದನ್ನು ಕಲಿಸುವ ಕೆಲಸ. ಶಾಲೆಯ ಶಿಸ್ತು ಕುಸಿದಿತ್ತು. ಮಾನ್ಯತೆಯೇ ರದ್ದಾಗುವ ಭಯವಿತ್ತು. ಹಳೆಯ ಉದ್ಯೋಗಕ್ಕೆ ಮರಳುವ ಯೋಚನೆಯೂ ಅವರಿಗೆ ಬಂದಿತ್ತು. ಆದರೂ ಉಳಿದರು.

ಅವರ ಬೋಧನಾ ಕ್ರಮವೇ ವಿಶಿಷ್ಟವಾಗಿತ್ತು. ಅಡುಗೆಯವನ ಟೋಪಿ ತೊಟ್ಟು ತರಗತಿಗೆ ಬಂದು, ಕತ್ತಿಯಿಂದ ಸೇಬನ್ನು ಕತ್ತರಿಸಿ ಭಿನ್ನರಾಶಿಯನ್ನು ಕಲಿಸುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ಆಟದ ಮಾತುಗಳಲ್ಲಿ ಬೀಜಗಣಿತದ ಸೂತ್ರಗಳನ್ನು ವಿವರಿಸುತ್ತಿದ್ದರು. ತಮಾಷೆ ಮಾಡುತ್ತಿದ್ದರು, ಗದರಿಸುತ್ತಿದ್ದರು. ಶಾಲೆ ತೆರೆಯುವ ಮುನ್ನವೂ ಮುಚ್ಚಿದ ಮೇಲೂ ಅವರ ಕೊಠಡಿಯ ಬಾಗಿಲು ತೆರೆದಿರುತ್ತಿತ್ತು. ಮಗು ತರಗತಿಗೆ ಬಾರದಿದ್ದರೆ ನೇರವಾಗಿ ಹೆತ್ತವರಿಗೆ ದೂರವಾಣಿ ಕರೆ ಹೋಗುತ್ತಿತ್ತು. ಕಷ್ಟಪಟ್ಟು ಓದುತ್ತೇವೆಂಬ ಒಪ್ಪಂದಕ್ಕೆ ಮಕ್ಕಳೊಡನೆ ಹೆತ್ತವರ ಸಹಿಯನ್ನೂ ಪಡೆಯುತ್ತಿದ್ದರು. 'ಗಾನಾಸ್' ಎಂಬ ಸ್ಪ್ಯಾನಿಷ್ ಪದ ಅವರ ಬಾಯಲ್ಲಿ ಸದಾ ಇರುತ್ತಿತ್ತು. ಮನಸ್ಸಿನೊಳಗಿನಿಂದ ಉಕ್ಕುವ ಹಂಬಲ, ಛಲ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು.

ಆದರೆ ಒಬ್ಬ ಅಧ್ಯಾಪಕರ ಉತ್ಸಾಹದಿಂದಲೇ ಎಲ್ಲವೂ ಆಯಿತೆಂದು ತಿಳಿಯುವುದು ತಪ್ಪು. ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್, ಗಣಿತದ ಏಣಿಯಲ್ಲಿ ಎತ್ತರದ ಮೆಟ್ಟಿಲು. ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಎಂಬ ಕೆಳಗಿನ ಮೆಟ್ಟಿಲುಗಳಿಲ್ಲದೆ ಅಲ್ಲಿಗೆ ಏರಲಾಗದು. ಆ ಮೆಟ್ಟಿಲುಗಳನ್ನು ಒಂದೊಂದಾಗಿ ಕಟ್ಟಲು ವರ್ಷಗಳೇ ಬೇಕಾದವು. ಬೆನ್ ಹಿಮೆನೆಸ್ ಎಂಬ ಸಹ ಅಧ್ಯಾಪಕರು ಜೊತೆಗೂಡಿದರು. 1981ರಲ್ಲಿ ಪ್ರಾಂಶುಪಾಲರಾಗಿ ಬಂದ ಹೆನ್ರಿ ಗ್ರಾಡಿಯಾಸ್ ಶಾಲೆಗೆ ಶಿಸ್ತನ್ನು ಮರಳಿ ತಂದು, ಕಠಿಣ ಪಾಠಗಳಿಗೆ ಜಾಗ ಮಾಡಿಕೊಟ್ಟು, ಎಸ್ಕಲಾಂಟೆಯವರ ಬೆನ್ನಿಗೆ ನಿಂತರು. ನೆರೆಯ ಪೂರ್ವ ಲಾಸ್ ಏಂಜಲಿಸ್ ಕಾಲೇಜಿನಲ್ಲಿ ಬೇಸಿಗೆಯ ತರಗತಿಗಳು ನಡೆದವು.

ಅಮೆರಿಕದಲ್ಲಿ 'ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್' ಎಂಬ ರಾಷ್ಟ್ರಮಟ್ಟದ ಪರೀಕ್ಷೆಯೊಂದಿದೆ. ಅದರಲ್ಲಿ ಐದು ಅಂಕಗಳಿಗೆ ಮೂರು ಅಥವಾ ಹೆಚ್ಚು ಪಡೆದ ಪ್ರೌಢಶಾಲಾ ವಿದ್ಯಾರ್ಥಿಗೆ ಅನೇಕ ಕಾಲೇಜುಗಳು ಆ ವಿಷಯದ ಮೊದಲ ಹಂತವನ್ನು ಓದಿದಂತೆಯೇ ಮನ್ನಣೆ ನೀಡುತ್ತವೆ. 1979ರಲ್ಲಿ ಗಾರ್‌ಫೀಲ್ಡಿನಿಂದ ಈ ಪರೀಕ್ಷೆಯ ಕಲನಶಾಸ್ತ್ರ ವಿಭಾಗಕ್ಕೆ ಕುಳಿತ ಎಸ್ಕಲಾಂಟೆಯವರ ಶಿಷ್ಯರು ಕೇವಲ ಐವರು. 1981ರಲ್ಲಿ ಅವರ ಸಂಖ್ಯೆ 15ಕ್ಕೇರಿತು. 14 ಮಂದಿ ಉತ್ತೀರ್ಣರಾದರು. 1982ರ ಮೇ ತಿಂಗಳಿನಲ್ಲಿ 18 ಮಂದಿ ಕುಳಿತರು. ಹದಿನೆಂಟೂ ಮಂದಿ ಉತ್ತೀರ್ಣರಾದರು.

ಸಂಶಯದ ಪತ್ರಗಳು

ಅಂದು ನಡೆಯಬೇಕಾಗಿದ್ದುದು ಸನ್ಮಾನ. ಆದರೆ ಆ ಬೇಸಿಗೆಯಲ್ಲಿ 14 ವಿದ್ಯಾರ್ಥಿಗಳ ಮನೆಗೆ ಪತ್ರಗಳು ಬಂದವು. ಪರೀಕ್ಷೆಯನ್ನು ನಡೆಸುವ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆಯು ಅವರ ಉತ್ತರಗಳ ನಡುವಿನ ಸಾಮ್ಯವನ್ನು ಗಮನಿಸಿ, ಅಂಕಗಳ ಸಾಚಾತನದ ಬಗ್ಗೆ ಸಂಶಯ ವ್ಯಕ್ತಪಡಿಸಿತ್ತು. ಮುಖ್ಯವಾಗಿ ಆರನೆಯ ಪ್ರಶ್ನೆಯಲ್ಲಿ ಹಲವರು ಒಂದೇ ಬಗೆಯ ತಪ್ಪನ್ನು ಮಾಡಿದ್ದರು.

ಸಂಶಯಕ್ಕೆ ಉತ್ತರಗಳ ಸಾಮ್ಯವೇ ಕಾರಣವೆಂದು ಸಂಸ್ಥೆ ಹೇಳಿತು. ಒಬ್ಬರೇ ಅಧ್ಯಾಪಕರಿಂದ ಒಂದೇ ಕ್ರಮದಲ್ಲಿ ಕಲಿತವರ ಉತ್ತರಗಳು ಹೋಲುವುದು ಸಹಜವೆಂದು ಶಾಲೆಯವರು ವಾದಿಸಿದರು. ಇದೇ ಫಲಿತಾಂಶ ಶ್ರೀಮಂತರ ಬಡಾವಣೆಯ ಶಾಲೆಯಿಂದ ಬಂದಿದ್ದರೆ ಯಾರಾದರೂ ಪ್ರಶ್ನಿಸುತ್ತಿದ್ದರೇ ಎಂದು ಎಸ್ಕಲಾಂಟೆ ಮತ್ತು ಆ ಸಮುದಾಯದ ಅನೇಕರು ನೊಂದು ಕೇಳಿದರು. ಚರಿತ್ರೆಯನ್ನು ಬರೆಯುವವನು ಎರಡೂ ಪಕ್ಷಗಳಿಗೆ ನ್ಯಾಯ ಒದಗಿಸಬೇಕು. ಎಸ್ಕಲಾಂಟೆಯವರನ್ನು ಬಹುವಾಗಿ ಮೆಚ್ಚಿಕೊಂಡಿದ್ದ ಪತ್ರಕರ್ತ ಜೇ ಮ್ಯಾಥ್ಯೂಸ್ ಅವರು 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಆರನೆಯ ಪ್ರಶ್ನೆಯ ವಿಚಾರವನ್ನು ಮುಚ್ಚಿಡದೆ ಚರ್ಚಿಸಿದ್ದಾರೆ. ಆದುದರಿಂದ ಸಂಶಯಕ್ಕೆ ಆಧಾರವೇ ಇರಲಿಲ್ಲವೆಂದು ಹೇಳಲಾಗದು. ಆದರೆ ಮೂಲ ಪ್ರಶ್ನೆ ಬೇರೆಯೇ ಇತ್ತು. ಈ ಮಕ್ಕಳಿಗೆ ಕಲನಶಾಸ್ತ್ರ ನಿಜವಾಗಿಯೂ ಬರುತ್ತದೆಯೇ?

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗಸ್ಟ್ ತಿಂಗಳಿನಲ್ಲಿ. ಶಾಲೆ ಮುಗಿದು ತಿಂಗಳುಗಳಾಗಿದ್ದವು. ಪುಸ್ತಕಗಳನ್ನು ಕಟ್ಟಿಟ್ಟಿದ್ದ ಮಕ್ಕಳು ಅವನ್ನು ಮತ್ತೆ ಬಿಚ್ಚಿದರು. ಹದಿನಾಲ್ವರಲ್ಲಿ 12 ಮಂದಿ ಹೊಸ ಪ್ರಶ್ನೆಪತ್ರಿಕೆಯೊಂದಿಗೆ, ಕಟ್ಟುನಿಟ್ಟಾದ ಮೇಲ್ವಿಚಾರಣೆಯಲ್ಲಿ ಮರುಪರೀಕ್ಷೆಗೆ ಕುಳಿತರು. ಹನ್ನೆರಡೂ ಮಂದಿ ಉತ್ತೀರ್ಣರಾದರು. ಅವರ ಅಂಕಗಳು ಊರ್ಜಿತವಾದವು.

ಓದುಗರೇ, ಆ ಹದಿಹರೆಯದವರ ಸ್ಥಾನದಲ್ಲಿ ನಮ್ಮ ಮನೆಯ ಮಕ್ಕಳನ್ನು ಒಂದು ಕ್ಷಣ ಕಲ್ಪಿಸಿಕೊಳ್ಳಿ. ಪ್ರಾಮಾಣಿಕವಾಗಿ ಗಳಿಸಿದ್ದನ್ನು ಮತ್ತೊಮ್ಮೆ ಗಳಿಸಿ ತೋರಿಸಬೇಕಾದ ಸ್ಥಿತಿ ಎಷ್ಟು ನೋವಿನದು! ಬಡವರ ಮಗು ಸೋತರೆ ಯಾರೂ ಕಾರಣ ಕೇಳುವುದಿಲ್ಲ. ಗೆದ್ದರೆ ಮಾತ್ರ ಕೇಳುತ್ತಾರೆ.

ಹೊಗಳಿಕೆಯ ನಂತರ

ಸುದ್ದಿ ದೇಶವೆಲ್ಲಾ ಹರಡಿತು. ಶಾಲೆಗೆ ಅದರಿಂದ ಒಳಿತೇ ಆಯಿತು. 1983ರಲ್ಲಿ ಉತ್ತೀರ್ಣರಾದವರ ಸಂಖ್ಯೆ 30ಕ್ಕೇರಿತು. 1987ರ ಹೊತ್ತಿಗೆ 80ಕ್ಕೂ ಹೆಚ್ಚು ಮಂದಿ ಉತ್ತೀರ್ಣರಾಗಿದ್ದರು. ಆ ವರ್ಷ ಇಡೀ ದೇಶದಲ್ಲಿ ಕಲನಶಾಸ್ತ್ರದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೆಕ್ಸಿಕೊ ಮೂಲದ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲು ಭಾಗ ಈ ಒಂದೇ ಶಾಲೆಯವರು! 1988ರಲ್ಲಿ 'ಸ್ಟ್ಯಾಂಡ್ ಅಂಡ್ ಡೆಲಿವರ್' ಎಂಬ ಚಲನಚಿತ್ರ ಬಂದಿತು. ಎಸ್ಕಲಾಂಟೆಯವರ ಪಾತ್ರವನ್ನು ಎಡ್ವರ್ಡ್ ಜೇಮ್ಸ್ ಓಲ್ಮೋಸ್ ನಿರ್ವಹಿಸಿದರು. ಅದೇ ವರ್ಷ ರಾಷ್ಟ್ರಾಧ್ಯಕ್ಷರ ಶಿಕ್ಷಣ ಪದಕವೂ ಎಸ್ಕಲಾಂಟೆಯವರಿಗೆ ಸಂದಿತು.

ಚಲನಚಿತ್ರ ಅನೇಕರಿಗೆ ಸ್ಫೂರ್ತಿ ನೀಡಿತು. ಜೊತೆಗೆ ಒಂದು ತಪ್ಪು ತಿಳಿವಳಿಕೆಯನ್ನೂ ಹುಟ್ಟಿಸಿತು. ಎಂಟು ವರ್ಷಗಳ ಕೆಲಸವನ್ನು ಅದು ಎರಡು ಗಂಟೆಗಳ ಕಥೆಯಾಗಿ ಕುಗ್ಗಿಸಿತ್ತು. ಪ್ರತಿಭಾವಂತ ಅಧ್ಯಾಪಕನೊಬ್ಬ ಬಂದರೆ ಸಾಕು, ಭಿನ್ನರಾಶಿ ತಿಳಿಯದ ಮಕ್ಕಳೂ ಒಂದೆರಡು ವರ್ಷಗಳಲ್ಲಿ ಕಲನಶಾಸ್ತ್ರ ಕಲಿತುಬಿಡುತ್ತಾರೆಂದು ನೋಡಿದವರು ಭಾವಿಸಿದರು. ಹಾಗೆ ಭಾವಿಸಿದವರಿಗೆ ಕೆಳಗಿನ ಮೆಟ್ಟಿಲುಗಳು ಕಾಣಲಿಲ್ಲ. ಅವನ್ನು ಕಾಪಾಡಬೇಕೆಂಬ ಚಿಂತೆಯೂ ಹುಟ್ಟಲಿಲ್ಲ.

ಪ್ರಾಂಶುಪಾಲ ಗ್ರಾಡಿಯಾಸ್ 1987ರಲ್ಲಿ ಶಾಲೆಯನ್ನು ಬಿಟ್ಟರು. ಎಸ್ಕಲಾಂಟೆಯವರ ತರಗತಿಗಳಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳು ತುಂಬಿರುತ್ತಿದ್ದರು. ಅಧ್ಯಾಪಕರ ಸಂಘದ ಒಪ್ಪಂದದ ಮಿತಿ 35. ಈ ವಿಚಾರದಲ್ಲಿ ತಕರಾರುಗಳು ಎದ್ದವು. ಸಹೋದ್ಯೋಗಿಗಳೊಡನೆ ಮನಸ್ತಾಪಗಳೂ ಬೆಳೆದವು. ಎಸ್ಕಲಾಂಟೆಯವರು ನೇರ ನುಡಿಯವರು, ಹಟಮಾರಿಗಳು. ಎಲ್ಲ ತಪ್ಪೂ ಇತರರದೇ ಎನ್ನಲಾಗದು. 1990ರಲ್ಲಿ ಗಣಿತ ವಿಭಾಗದ ಮುಖ್ಯಸ್ಥನ ಸ್ಥಾನ ಅವರ ಕೈತಪ್ಪಿತು. 1991ರಲ್ಲಿ ಅವರು ಗಾರ್‌ಫೀಲ್ಡನ್ನು ಬಿಟ್ಟು ಸ್ಯಾಕ್ರಮೆಂಟೊ ನಗರದ ಶಾಲೆಯೊಂದಕ್ಕೆ ಹೋದರು. ಕೆಲವೇ ವರ್ಷಗಳಲ್ಲಿ ಗಾರ್‌ಫೀಲ್ಡಿನಲ್ಲಿ ಕಲನಶಾಸ್ತ್ರದ ಪರೀಕ್ಷೆಯನ್ನು ದಾಟುವವರ ಸಂಖ್ಯೆ ಬಹುವಾಗಿ ಕುಸಿಯಿತು. ಮಕ್ಕಳು ಅದೇ ಬೀದಿಗಳಿಂದ, ಅದೇ ಬಗೆಯ ಮನೆಗಳಿಂದ ಬರುತ್ತಿದ್ದರು. ಬದಲಾದದ್ದು ಏಣಿಯನ್ನು ಹಿಡಿದು ನಿಂತಿದ್ದ ಕೈಗಳು.

ಎಸ್ಕಲಾಂಟೆಯವರು 2010ರ ಮಾರ್ಚ್ 30ರಂದು ತೀರಿಕೊಂಡರು. ಕೊನೆಯ ದಿನಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚಕ್ಕೆ ಹಳೆಯ ಶಿಷ್ಯರೂ ಚಿತ್ರದ ನಟರೂ ಸೇರಿ ಹಣ ಕೂಡಿಸಿದ್ದರು. 2016ರಲ್ಲಿ ಅಮೆರಿಕದ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಪ್ರಿಯ ಓದುಗರೇ, ಅಂಚೆಚೀಟಿ, ಪದಕ, ಚಲನಚಿತ್ರ ಎಲ್ಲವೂ ಯೋಗ್ಯವಾದ ಗೌರವಗಳೇ. ಆದರೆ ಒಂದು ಸಮಾಜ ತನ್ನ ಮಕ್ಕಳ ಸಾಧನೆಗೆ ಕೊಡಬಹುದಾದ ಗೌರವ ಇವುಗಳಿಂದ ಮುಗಿಯುವುದಿಲ್ಲ. ಆ ಹದಿನೆಂಟು ಮಕ್ಕಳಿಗೆ ಮೊದಲು ಬೇಕಾಗಿದ್ದದ್ದು ನಂಬಿಕೆ. ಅವರ ತಮ್ಮಂದಿರಿಗೆ, ತಂಗಿಯರಿಗೆ ಬೇಕಾಗಿದ್ದದ್ದು ಅದೇ ಪಾಠ, ಅದೇ ಬಾಗಿಲು ತೆರೆದ ಕೊಠಡಿ.

ಮುಂದಿನ ಸಲ ನಿಮ್ಮ ಊರಿನ ವೇದಿಕೆಯಲ್ಲಿ ಮಗುವೊಂದಕ್ಕೆ ಶಾಲು ಹೊದಿಸುವಾಗ, ಆ ಮಗುವಿಗೆ ಐದನೆಯ ತರಗತಿಯಲ್ಲಿ ಭಿನ್ನರಾಶಿ ಕಲಿಸಿದವರು ಯಾರೆಂದು ವಿಚಾರಿಸಿ. ಅವರೂ ಸಭೆಯಲ್ಲಿ ಇದ್ದಾರೆಯೇ ಎಂದು ನೋಡಿ. ಈ ವರ್ಷ ಆ ಐದನೆಯ ತರಗತಿಯಲ್ಲಿ ಪಾಠ ಹೇಳುವವರು ಯಾರೆಂಬುದನ್ನೂ ಕೇಳಿ ತಿಳಿದುಕೊಂಡೇ ಮನೆಗೆ ಹೋಗಿ.