ಕುರಿಂಜಲ್ ದಾರಿ ಇಷ್ಟು ಸಲೀಸು ಯಾಕೆ?

(1/7)
ದಸರಾ ರಜೆ ಹತ್ರ ಬಂತು ಅಂದ್ರೆ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ಮನೆಯವ್ರನ್ನೆಲ್ಲ ಕರ್ಕೊಂಡು ಹೋಗೋ ಹಂಗೆ ಒಂದು ಸಲೀಸಾದ ಟ್ರೆಕ್ ಹೇಳೋ. ಅಮ್ಮಂಗೆ ಮಂಡಿ ನೋವು, ತಂಗಿ ಇನ್ನೂ ಐದನೇ ಕ್ಲಾಸು." ತೀರ್ಥರಾಮೇಶ್ವರದ ಗುಡ್ಡ ಅಂದ್ರೆ ನ್ಯಾಮತಿಯವ್ರು ನಗ್ತಾರೆ, ಅಲ್ಲಿಗೆ ಹೋಗದೇ ಇರೋರು ಯಾರಿದ್ದಾರೆ? ಅವ್ರಿಗೆ ಬೇಕಿರೋದು ನ್ಯಾಷನಲ್ ಪಾರ್ಕ್, ಮೋಡ, ಹುಲ್ಲುಗಾವಲು, ರೀಲ್ಸ್ ಮಾಡೋಕೆ ಒಂದು ತುದಿ.

ಉತ್ತರ ಮೊದ್ಲೇ ಹೇಳ್ಬಿಡ್ತೀನಿ: ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕುರಿಂಜಲ್, ಇಲ್ಲಾಂದ್ರೆ ಗಂಗಡಿಕಲ್. ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ, ಕೆರೆಕಟ್ಟೆ ದಾಟಿ ಎಸ್.ಕೆ. ಬಾರ್ಡರ್, ಅಲ್ಲಿಂದ ಎಡಕ್ಕೆ ಕುದುರೆಮುಖದ ರಸ್ತೆ. ಕುದುರೆಮುಖದ ಮುಖ್ಯ ಶಿಖರಕ್ಕೆ ಹೋಗಿ ಬರೋಕೆ ಸುಮಾರು 20 ಕಿ.ಮೀ. ನಡೀಬೇಕು, ಅದು ಮನೆಮಂದಿಗಲ್ಲ. ಕುರಿಂಜಲ್ ಹಂಗಲ್ಲ. ಬಹುಪಾಲು ದಾರಿ ಅಗಲವಾಗಿದೆ, ಏರು ನಿಧಾನ, ಗುಡ್ಡ ಸುತ್ಕೊಂಡು ಸುತ್ಕೊಂಡು ಹೋಗುತ್ತೆ. ಫೋಟೋ 2 ಝೂಮ್ ಮಾಡಿ. ಅದು ಕಾಲುದಾರಿ ಅಲ್ಲ ಕಣ್ರೋ, ಜೀಪ್ ದಾರಿ.

ರಾಷ್ಟ್ರೀಯ ಉದ್ಯಾನದ ಒಳಗೆ, ಗುಡ್ಡದ ನೆತ್ತಿ ತನಕ ಜೀಪ್ ಯಾಕೆ ಹತ್ತುತ್ತಿತ್ತು? ಮೇಲೆ ಹೋದ್ರೆ ಪಾಳು ಬಿದ್ದ ಒಂದು ಸಂಪರ್ಕ ಕೇಂದ್ರದ ಕಟ್ಟಡ ಇದೆ. ಗಣಿ ಕಾಲದ್ದು. ನಮ್ಮ ಟ್ರೆಕ್ ಸಲೀಸಾಗಿರೋದು ಗಣಿ ದೆಸೆಯಿಂದ. ಆದ್ರೆ ನಡೆಯೋಕೆ ಅಲ್ಲಿ ಇನ್ನೂ ಗುಡ್ಡ ಉಳಿದಿರೋದು ಗಣಿ ನಿಂತಿದ್ದರಿಂದ. ಈ ಎರಡರ ನಡುವಿನ ಕಥೆಯೇ ಈ ಸಲದ ಕಂತು.

(2/7)
ಕಥೆಗೆ ಮುಂಚೆ ಒಂದು ಸಣ್ಣ ಮಾತು. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಂಶಿ, ಕುದುರೆಮುಖ. ಬಂಡೀಪುರಕ್ಕೆ ಹೋಗಿ "ನಾನು ನಡ್ಕೊಂಡು ನೋಡ್ತೀನಿ" ಅಂದ್ರೆ ಬಿಡಲ್ಲ, ಜೀಪಲ್ಲೋ ಬಸ್ಸಲ್ಲೋ ಕೂತು ಸಫಾರಿ ಮಾಡ್ಬೇಕು. ಆನೆ, ಹುಲಿ ಇರೋ ಜಾಗ, ಅದು ಸರಿಯೇ.

ಇಂಗ್ಲಿಷ್ ವಿಡಿಯೋಗಳಲ್ಲಿ ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಮಗೂನ ಬೆನ್ನಿಗೆ ಕಟ್ಕೊಂಡು ನಡೆಯೋರನ್ನ ನೋಡಿರ್ತೀರಿ. 1872ರಲ್ಲಿ ಯೆಲ್ಲೋಸ್ಟೋನ್ ಶುರು ಮಾಡ್ದಾಗಲೇ ಅದು ಜನರ ಸಂತೋಷಕ್ಕೂ ಇರೋ ಜಾಗ ಅಂತ ಕಾನೂನಲ್ಲಿ ಬರೆದಿದ್ರು. ನಮ್ಮಲ್ಲಿ ಹಾದಿ ಬೇರೆ. ಬಂಡೀಪುರ ಮೈಸೂರು ಅರಸರ ಬೇಟೆ ಕಾಡಾಗಿತ್ತು, ಮುಂದೆ ವೇಣುಗೋಪಾಲ ವನ್ಯಜೀವಿ ಉದ್ಯಾನ ಆಯ್ತು. ಆಮೇಲೆ ಬಂದ 1972ರ ವನ್ಯಜೀವಿ ಕಾಯ್ದೆ ನೋಡೋದು ಪ್ರಾಣಿಗಳ ಕಡೆಯಿಂದ. ಅಭಯಾರಣ್ಯದಲ್ಲಿ ದನ ಮೇಯಿಸೋಕೆ ಅವಕಾಶ ಕೊಡಬಹುದು, ರಾಷ್ಟ್ರೀಯ ಉದ್ಯಾನದಲ್ಲಿ ಅದೂ ಇಲ್ಲ. ಹಂಗಾಗಿ ಕುದುರೆಮುಖದಲ್ಲಿ ಗಾರ್ಡ್ ಜೊತೆ ನಡೆಯೋಕೆ ಬಿಡ್ತಾರೆ ಅನ್ನೋದೇ ದೊಡ್ಡ ವಿಷ್ಯ.

(3/7)
ಕುದುರೆಮುಖ ಅನ್ನೋ ಹೆಸರು ಬಂದಿದ್ದು ಬೆಟ್ಟದ ಆಕಾರದಿಂದ. ಕರಾವಳಿ ಕಡೆಯಿಂದ, ಸಮುದ್ರದಿಂದ ನೋಡಿದ್ರೆ ಕುದುರೆ ಮುಖದ ಹಂಗೆ ಕಾಣುತ್ತೆ. ಹಾಯಿ ಹಡಗಿನವ್ರು ದಿಕ್ಕಿನ ಗುರುತಿಗೆ ಇದನ್ನ ನೋಡ್ತಿದ್ರಂತೆ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಅಧಿಕಾರಿಗಳು ಬೇಸಿಗೆ ಕಳೆಯೋಕೆ ಮೇಲೆ ಬಂಗಲೆ ಇಟ್ಕೊಂಡಿದ್ರು. ಅಂದ್ರೆ ಇಲ್ಲಿ ಆರಾಮಕ್ಕೆ ಗುಡ್ಡ ಹತ್ತಿದ ಮೊದಲಿಗರು ಕಲೆಕ್ಟರ್ ಸಾಹೇಬ್ರು, ಹೊತ್ಕೊಂಡು ಹತ್ತಿದವ್ರು ಬೇರೆ!

1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಮ್ಯಾಗ್ನಟೈಟ್ ಅದಿರು ಇರೋದನ್ನ ಗುರುತಿಸಿದ್ರು. ಆಮೇಲೆ ಬಹಳ ವರ್ಷ ಯಾರೂ ಮುಟ್ಟಲಿಲ್ಲ, ಯಾಕಂದ್ರೆ ಈ ಅದಿರಲ್ಲಿ ಕಬ್ಬಿಣ ಶೇ. 40ಕ್ಕಿಂತ ಕಡಿಮೆ. 1969ರಲ್ಲಿ 30 ವರ್ಷಕ್ಕೆ ಗಣಿ ಗುತ್ತಿಗೆ ಆಯ್ತು, ಸುಮಾರು 4,600 ಹೆಕ್ಟೇರ್. 1975ರಲ್ಲಿ ಇರಾನ್ ಜೊತೆ ಒಪ್ಪಂದ, 63 ಕೋಟಿ ಡಾಲರ್ ಲೆಕ್ಕದ್ದು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಎಣ್ಣೆ ದುಡ್ಡಲ್ಲಿ ಮಲೆನಾಡ ಗುಡ್ಡ ಕಡಿದು ಇರಾನಿನ ಉಕ್ಕಿನ ಕಾರ್ಖಾನೆಗೆ ಕಳಿಸೋ ಪ್ಲಾನು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟು ಹೋದ್ರು, ಗಿರಾಕಿ ಮಾಯ! ಅಷ್ಟೊತ್ತಿಗೆ ಇಲ್ಲಿ ಯಂತ್ರ ಬಂದಿತ್ತು, ಊರು ಎದ್ದಿತ್ತು, ಮಂಗಳೂರಿನ ಪಣಂಬೂರು ಬಂದರಿಗೆ 67 ಕಿ.ಮೀ. ಕೊಳವೆ ಹಾಕಿದ್ರು. ಅದಿರನ್ನ ಪುಡಿ ಮಾಡಿ, ನೀರಲ್ಲಿ ಕಲಸಿ, ಘಟ್ಟದಿಂದ ಕೆಳಗೆ ಹರಿಸೋ ಕೊಳವೆ. ಬೇರೆ ಗಿರಾಕಿ ಹುಡುಕಿ ಗಣಿ ಮುಂದುವರೀತು.

(4/7)
ಈಗ ನಮ್ಮ ಊರಿನ ಮಾತಿಗೆ ಬರೋಣ.

ಎಸ್.ಕೆ. ಬಾರ್ಡರ್‌ನಿಂದ ಕುದುರೆಮುಖಕ್ಕೆ ಹೋಗೋ ದಾರಿಲಿ ಗಂಗಾಮೂಲ ಇದೆ, ವರಾಹ ಪರ್ವತದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋ ಜಾಗ. ನೇತ್ರಾವತಿ ಪಶ್ಚಿಮಕ್ಕೆ ಸಮುದ್ರ ಸೇರುತ್ತೆ. ತುಂಗಾ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಮೇಲೆ, ಭದ್ರಾ ಕಳಸ, ಬಾಳೆಹೊನ್ನೂರು, ಭದ್ರಾವತಿ ಮೇಲೆ ಬಂದು ಕೂಡ್ಲಿಯಲ್ಲಿ ಒಂದಾಗ್ತವೆ. ಅಲ್ಲಿಂದ ಮುಂದೆ ನಮ್ಮ ಹೊಳೆ. ಹೊನ್ನಾಳಿ ಸೇತುವೆ ಮೇಲೆ ಬಸ್ ನಿಧಾನ ಆದಾಗ ಕಿಟಕಿಯಿಂದ ಕಾಣೋ ನೀರು ಅದೇ. ಚನ್ನಗಿರಿ, ದಾವಣಗೆರೆ, ಹರಿಹರದ ಗದ್ದೆ, ತೋಟಕ್ಕೆ ಹೋಗೋದು ಲಕ್ಕವಳ್ಳಿ ಅಣೆಕಟ್ಟೆಯಿಂದ ಬರೋ ಭದ್ರಾ ನೀರು.

ಗಣಿ ಇದ್ದಿದ್ದು ಈ ಭದ್ರೆಯ ದಡದ ಗುಡ್ಡಗಳಲ್ಲಿ. ಅಲ್ಲಿ ವರ್ಷಕ್ಕೆ ಬೀಳೋ ಮಳೆ ಏಳು ಸಾವಿರ ಮಿಲಿಮೀಟರ್ ಹತ್ತಿರ. ಗುಡ್ಡದ ಮೇಲಿನ ಹುಲ್ಲು, ಅದರ ಮಡಿಲಲ್ಲಿರೋ ಶೋಲಾ ಕಾಡು, ಎರಡೂ ಸೇರಿ ಆ ಮಳೆನ ಹಿಡ್ಕೊಂಡು ಬೇಸಿಗೆ ತನಕ ಸ್ವಲ್ಪ ಸ್ವಲ್ಪ ಬಿಡ್ತವೆ. ಆ ಹುಲ್ಲು ಕೆರೆದು ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಕಡಿದ್ರೆ ಮಳೆ ನೀರಿನ ಜೊತೆ ಮಣ್ಣು ಹೊಳೆಗೆ ಇಳಿಯುತ್ತೆ. ಜೊತೆಗೆ ಅದಿರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡದ ಪುಡಿ. ಅದನ್ನ ತುಂಬೋಕೆ ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ರು. ನಾವು ಅಣೆಕಟ್ಟು ಅಂದ್ರೆ ನೀರು ಅನ್ಕೋತೀವಿ. ಇದು ಕೆಸರಿನ ಅಣೆಕಟ್ಟು, ಇವತ್ತಿಗೂ ಅಲ್ಲೇ ಇದೆ.

1997ರ ತನಕ ಹೊನ್ನಾಳಿ, ಚನ್ನಗಿರಿ ತಾಲೂಕುಗಳು ಶಿವಮೊಗ್ಗ ಜಿಲ್ಲೆಗೇ ಸೇರಿದ್ವು. ಜಿಲ್ಲೆ ಬದಲಾಯ್ತು, ಹೊಳೆ ಬದಲಾಗ್ಲಿಲ್ಲ. ಕುದುರೆಮುಖ "ಅವ್ರ ಕಡೆ ವಿಷ್ಯ" ಅಂತ ಯಾರಾದ್ರೂ ಅಂದ್ರೆ ನಂಗೆ ಒಪ್ಪಿಗೆ ಇಲ್ಲ.

(5/7)
ಇದೇ ಗುಡ್ಡಗಳಲ್ಲಿ ಇನ್ನೊಬ್ರು ವಾಸ ಮಾಡ್ತಿದ್ರು: ಸಿಂಗಳೀಕ. ಮುಖದ ಸುತ್ತ ಬಿಳಿ ಕೇಸರ ಇರೋ ಕಪ್ಪು ಕೋತಿ, ಪಶ್ಚಿಮ ಘಟ್ಟ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದ ಶುರುವಲ್ಲಿ ಇವುಗಳ ಅಧ್ಯಯನ ಮಾಡಿ, ಈ ಕಾಡಿಗೆ ರಕ್ಷಣೆ ಬೇಕು ಅಂದ್ರು. 1987ರಲ್ಲಿ 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯ್ತು. ಗಣಿ ಮಾತ್ರ ನಡೀತಾನೇ ಇತ್ತು! ಸುತ್ತ ಉದ್ಯಾನ, ನಡುವೆ ಡೈನಮೈಟ್.

1999ರಲ್ಲಿ 30 ವರ್ಷದ ಗುತ್ತಿಗೆ ಮುಗೀತು. ಕಂಪನಿಗೆ ಇನ್ನೂ ಬೇಕಿತ್ತು. ನೆಲ್ಲಿಬೀಡು, ಗಂಗಡಿಕಲ್ ಕಡೆಗೂ ಗಣಿ ಹಿಗ್ಗಿಸೋ ಯೋಜನೆ ಇತ್ತು. ಹೌದು, ಮೇಲೆ ನಾನು ಮನೆಮಂದಿಗೆ ಅಂತ ಹೇಳಿದ್ನಲ್ಲ, ಅದೇ ಗಂಗಡಿಕಲ್.

ಆಗ ಎರಡು ಕಡೆ ಕೆಲಸ ನಡೀತು. ಒಂದು ಬೀದಿಲಿ. ಶೃಂಗೇರಿ, ಶಿವಮೊಗ್ಗ ಸೀಮೆಯ ರೈತರು, ಲೇಖಕರು, ವಿದ್ಯಾರ್ಥಿಗಳು ತುಂಗಾ-ಭದ್ರಾ ಮೂಲ ಉಳಿಸಿ ಅಂತ ಹೋರಾಟಕ್ಕೆ ಇಳಿದ್ರು. ಇನ್ನೊಂದು ಕೋರ್ಟಲ್ಲಿ. ನಾಗರಹೊಳೆಯಲ್ಲಿ ವರ್ಷಾನುಗಟ್ಟಲೆ ರೇಂಜ್ ಅಧಿಕಾರಿಯಾಗಿ ಬೇಟೆಗಾರರ ಜೊತೆ ಜಟಾಪಟಿ ಮಾಡಿದ್ದ ಕೊಡಗಿನ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದ್ರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಯೊಳಗೆ ಗಣಿ ಮುಚ್ಚಬೇಕು. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತ್ವು. ಚಿಣ್ಣಪ್ಪನವ್ರು 2024ರ ಫೆಬ್ರವರಿಯಲ್ಲಿ ತೀರಿಕೊಂಡ್ರು. ನಮ್ಮ ವಯಸ್ಸಿನವ್ರಲ್ಲಿ ಎಷ್ಟು ಜನಕ್ಕೆ ಅವ್ರ ಹೆಸ್ರು ಗೊತ್ತು?

(6/7)
ಇಲ್ಲಿಗೆ ಶುಭಂ ಅಂತ ಬರೆಯೋಕೆ ಆಗಲ್ಲ.

ಕುದುರೆಮುಖ ಟೌನ್‌ಶಿಪ್ ಹಾದು ಹೋಗುವಾಗ ನೋಡಿ, ಸಾಲು ಸಾಲು ಮನೆ, ಜನ ಕಮ್ಮಿ. ಅಲ್ಲಿ ಹುಟ್ಟಿ, ಅಲ್ಲೇ ಸ್ಕೂಲಿಗೆ ಹೋದ ಮಕ್ಕಳು ಇವತ್ತು ನಮ್ಮ ಅಕ್ಕ, ಅಣ್ಣಂದಿರ ವಯಸ್ಸಿನವ್ರು. ಅವ್ರ ಪಾಲಿಗೆ 2005 ಅಂದ್ರೆ ಊರು ಖಾಲಿಯಾದ ವರ್ಷ.

ಇನ್ನೊಂದು, ಉದ್ಯಾನದ ಗಡಿಯೊಳಗೆ ಮಲೆಕುಡಿಯರು, ಸಣ್ಣ ಹಿಡುವಳಿದಾರರು ತಲೆತಲಾಂತರದಿಂದ ಇದ್ರು. ದನ ಮೇಯಿಸೋಕೂ ಬಿಡದ ಕಾನೂನು ಬಂದ ಮೇಲೆ ಅವ್ರಿಗೆ ಎಬ್ಬಿಸ್ತಾರೆ ಅನ್ನೋ ಭಯ. ಆ ಭಯದ ಮೇಲೆ ನಕ್ಸಲ್ ಚಳವಳಿ ಬೆಳೀತು. 2003ರ ನವೆಂಬರ್‌ನಲ್ಲಿ ಕಾರ್ಕಳ ಕಡೆಯ ಈದುವಿನಲ್ಲಿ ಇಬ್ಬರು ಯುವತಿಯರು, 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ್ರು. ಆ ವರ್ಷಗಳಲ್ಲಿ ಈ ಕಾಡಿಗೆ ಮಕ್ಕಳನ್ನ ಕರ್ಕೊಂಡು ಟ್ರೆಕ್ ಹೋಗೋ ಮಾತು ಯಾರ ಮನೆಲೂ ಬರ್ತಿರ್ಲಿಲ್ಲ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಬೆಂಗಳೂರಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದ್ರು. ಗಣಿ ನಿಲ್ಲಿಸಿದ್ದು ಸರಿ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಆದ್ರೆ ಕಂಪನಿಗೆ 2005ರ ತನಕ ಟೈಮ್ ಕೊಟ್ಟಷ್ಟು ತಾಳ್ಮೆನ ಅಲ್ಲಿನ ಗುಡಿಸಲಿನವ್ರಿಗೆ ತೋರಿಸಿದ್ರಾ ಅನ್ನೋ ಪ್ರಶ್ನೆ ಕೇಳ್ದೇ ಆ ಹುಲ್ಲಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚೋದು ಕಷ್ಟ.

ಕಂಪನಿ ಮುಚ್ಚಿಲ್ಲ. 2024ರಲ್ಲಿ ಅದರ ಹೆಸ್ರು ಮತ್ತೆ ಪೇಪರಲ್ಲಿ ಬಂತು, ಈ ಸಲ ಸಂಡೂರಿನ ದೇವದಾರಿ ಬೆಟ್ಟದ ಗಣಿ ವಿಚಾರಕ್ಕೆ. ಅರಣ್ಯ ಭೂಮಿ ಕೊಡಬಾರದು ಅಂತ ರಾಜ್ಯದ ಅರಣ್ಯ ಸಚಿವರು ತಡೆದ್ರು. ಸಂಡೂರಲ್ಲಿ ಫ್ರೆಂಡ್ಸ್ ಇದ್ರೆ ಕೇಳಿ ನೋಡಿ, ಅವ್ರಿಗೆ ಇದು ಹಳೇ ಕಥೆ ಅಲ್ಲ.

(7/7)
ಸರಿ, ಈಗ ಹೋಗೋ ವಿಚಾರ.

ಸುಮ್ನೆ ಹೋಗಿ ನಿಂತ್ರೆ ಬಿಡಲ್ಲ. 2024ರ ಜನವರಿ ಕೊನೆಗೆ ಕುಮಾರಪರ್ವತದಲ್ಲಿ ಒಂದೇ ಸಲ ಸಾವಿರಾರು ಜನ ಸೇರಿದ ವಿಡಿಯೋ ಎಲ್ಲರೂ ನೋಡಿದ್ರಲ್ಲ, ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕ್‌ಗಳನ್ನ ಸರ್ಕಾರ ನಿಲ್ಲಿಸ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣ ಶುರುವಾಯ್ತು. ಒಂದು ಜಾಗಕ್ಕೆ ದಿನಕ್ಕೆ 300 ಜನರ ಮಿತಿ. ಗುರುತಿನ ಚೀಟಿ ಎಲ್ರದ್ದೂ ಇಟ್ಕೊಳ್ಳಿ. ಜೋರು ಮಳೆಲಿ, ಬೇಸಿಗೆಯ ಕಾಡ್ಗಿಚ್ಚಿನ ಸಮಯದಲ್ಲಿ ಮುಚ್ಚಿರ್ತಾರೆ, ಅದಕ್ಕೇ ದಸರಾ ಆದ್ಮೇಲೆ ಸಂಕ್ರಾಂತಿ ತನಕ ಒಳ್ಳೇ ಕಾಲ.

ಶೃಂಗೇರಿಲಿ ಹಿಂದಿನ ದಿನ ಉಳ್ಕೊಂಡು ಬೆಳಗ್ಗೆ ಬೇಗ ಹೊರಡಿ. ಕಾಡಿನ ಭಾಗದಲ್ಲಿ ಇಂಬಳ ಹತ್ತುತ್ತೆ, ಉದ್ದ ಕಾಲುಚೀಲ ಹಾಕಿ. ಹುಲ್ಲುಗಾವಲು ಶುರುವಾದ್ರೆ ನೆರಳೇ ಇಲ್ಲ, ಮಕ್ಕಳಿಗೆ ಟೋಪಿ, ಎಲ್ರಿಗೂ ನೀರು. ಕುರಿಂಜಲ್‌ಗೆ ಅಮ್ಮನ ಮಂಡಿ ಪೂರ್ತಿ ಒಪ್ಪದಿದ್ರೆ ಅರ್ಧಕ್ಕೆ ವಾಪಸ್ ಬನ್ನಿ, ಅಲ್ಲಿ ತನಕವೇ ನೋಡೋಕೆ ಸಾಕಷ್ಟಿದೆ. ಅದೂ ಬೇಡ ಅಂದ್ರೆ ಅದೇ ರಸ್ತೆಲಿ ಹನುಮನಗುಂಡಿ ಅಬ್ಬಿ ಇದೆ, ಮೆಟ್ಟಿಲು ಇಳಿದು ಹೋಗ್ಬೇಕು. ಇಳಿಯೋದು ಸುಲಭ, ಹತ್ತೋದು ನಿಮ್ಮ ಅಮ್ಮನ್ನೇ ಕೇಳಿ. ಕಡಂಬಿ ಅಬ್ಬಿ ರಸ್ತೆ ಪಕ್ಕದಲ್ಲೇ ಸಿಗುತ್ತೆ.

ಗಾರ್ಡ್ ಜೊತೆ ನಡೀವಾಗ ಎದುರಿನ ಗುಡ್ಡದಲ್ಲಿ ಮೆಟ್ಟಿಲು ಕಡಿದ ಹಂಗಿರೋ ಕೆಂಪು ಇಳಿಜಾರು ಎಲ್ಲಾದ್ರೂ ಕಂಡ್ರೆ ಫೋಟೋ ತೆಗೆದು ನಂಗೆ ಟ್ಯಾಗ್ ಮಾಡಿ. 2005ರ ನಂತರ ಅಲ್ಲಿ ಹುಲ್ಲು ಎಷ್ಟು ಹತ್ತಿದೆ ಅಂತ ವರ್ಷ ವರ್ಷ ಹೋಲಿಸಿ ನೋಡ್ಬೇಕು ಅಂತ ಆಸೆ.

ಮುಂದಿನ ಕಂತು: ಜಗಳೂರಿನ ರಂಗಯ್ಯನದುರ್ಗ, ಕೊಂಡುಕುರಿಗೆ ಅಂತಲೇ ಇರೋ ಅಭಯಾರಣ್ಯ. ಆ ಕಡೆ ಹುಡುಗ್ರು ಯಾರಾದ್ರೂ ಇದ್ರೆ ಮೆಸೇಜ್ ಮಾಡ್ರಪ್ಪ.

#ನ್ಯಾಮತಿ #ಕುದುರೆಮುಖ #ಕುರಿಂಜಲ್ #ಗಂಗಡಿಕಲ್ #ತುಂಗಭದ್ರಾ