ಅಡುಗೆಮನೆಯ ಕಪಾಟಿಗೆ ಯಾವ ಬಣ್ಣ?

ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಂಥ ಊರಿನಲ್ಲಿ ಹಳೆಯ ಮನೆಯನ್ನು ಹೊಸದು ಮಾಡುವಾಗ ಅಡುಗೆಮನೆಯ ಕಪಾಟಿನ ಬಣ್ಣದ ಮಾತು ಬಂದೇ ಬರುತ್ತದೆ. ಸೌದೆ ಒಲೆಯ ಕಾಲದಲ್ಲಿ ಆ ಬಣ್ಣವನ್ನು ಆರಿಸುತ್ತಿದ್ದುದು ಹೊಗೆ! ಯಾವುದನ್ನು ಬಳಿದರೂ ಕೊನೆಗೆ ಉಳಿಯುತ್ತಿದ್ದುದು ಮಸಿಯ ಕಪ್ಪೇ.

ಪಕ್ಕದ ಗೋಕಾಕ ಬಣ್ಣದ ಗೊಂಬೆಗಳಿಗೆ ಹೆಸರಾದ ಊರು. ಗೊಂಬೆಯ ಹೊಳಪು ಕಪಾಟಿಗೂ ಒಪ್ಪೀತೆ? ಚನ್ನಪಟ್ಟಣದ ಆಟಿಕೆಗಳ ಅರಗನ್ನೇ ನೋಡಿ. ತಿರುಗುವ ಮರಕ್ಕೆ ಒತ್ತಿದರೆ ಸಾಕು, ಘರ್ಷಣೆಯ ಬಿಸಿಗೆ ಕರಗಿ ಹರಡಿಕೊಳ್ಳುತ್ತದೆ. ಒಲೆಯ ಪಕ್ಕದಲ್ಲಿ ಈ ಗುಣವೇ ದೋಷ; ಬಿಸಿ ಪಾತ್ರೆ ತಗುಲಿದರೆ ಮೆತ್ತಗಾಗುತ್ತದೆ. ಸೋಡಾ ನೀರಿನಿಂದ ತೊಳೆದರೆ ಹೊಳಪು ಕಳೆದುಕೊಳ್ಳುತ್ತದೆ.

ಇದಕ್ಕೆ ಉತ್ತರ ದೊರೆತದ್ದು ವಿದ್ಯುತ್ ಕ್ಷೇತ್ರದಲ್ಲಿ. 1912ರಲ್ಲಿ ಅಮೆರಿಕದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್, ಮೈಕಾ ಅಂದರೆ ಅಭ್ರಕಕ್ಕೆ ಬದಲಾಗಿ ರಾಳದ ನಿರೋಧಕವೊಂದನ್ನು ರೂಪಿಸಿದರು. ಅದೇ ಫಾರ್ಮೈಕಾ. (ನಮ್ಮ ಬಡಗಿಗಳ ಬಾಯಲ್ಲಿ ಸನ್‌ಮೈಕಾ, ಅಭ್ರಕವಿಲ್ಲದಿದ್ದರೂ ಹೆಸರು ಉಳಿದಿದೆ!) ಫಿನಾಲ್ ರಾಳ ತಾನೇ ಕಂದುಬಣ್ಣದ್ದು. 1930ರ ದಶಕದಲ್ಲಿ ಬಣ್ಣವಿಲ್ಲದ ಮೆಲಮೈನ್ ರಾಳ ಬಳಕೆಗೆ ಬಂದ ಮೇಲೆ ತಿಳಿಬಣ್ಣದ, ತೊಳೆಯಬಹುದಾದ ಹಾಳೆಗಳು ಸಾಧ್ಯವಾದವು.

ಆದರೂ ಸೌದೆ ಉರಿಯುವ ಮನೆಯಲ್ಲಿ ಬಿಳಿ ಕಪಾಟು ಎಂದರೆ ತಾಯಿಗೆ ದಿನವೂ ಉಜ್ಜುವ ಕೆಲಸ. ಅಲ್ಲಿ ಬಣ್ಣದ ಅಂಗಡಿಗೆ ಹೋಗುವ ಮುನ್ನ ಗ್ಯಾಸ್ ಒಲೆಯನ್ನೋ ಹೊಗೆ ಹೋಗುವ ಬೆಳಕಿಂಡಿಯನ್ನೋ ಮಾಡಿಕೊಳ್ಳಬೇಕು.