ಇಂಗ್ಲೆಂಡಿನ ಕಾಲುವೆದೋಣಿಗಳ ಅಗ್ಗಿಷ್ಟಿಕೆ

ಇಂಗ್ಲೆಂಡಿನ ಒಳನಾಡಿನ ಕಾಲುವೆಗಳಲ್ಲಿ ಹಿಂದೆ ಕಲ್ಲಿದ್ದಲು ಮೊದಲಾದ ಸರಕುಗಳನ್ನು ಸಾಗಿಸುತ್ತಿದ್ದ ಮರದ ದೋಣಿಗಳಲ್ಲಿ ಈಗ ಉಳಿದಿರುವವು ಕೆಲವೇ. ಅವನ್ನು ಜೀರ್ಣೋದ್ಧಾರ ಮಾಡಿ ಮತ್ತೆ ವಾಸಯೋಗ್ಯವಾಗಿಸಲು ಹೊರಟವರು ಹಲಗೆ, ಮೊಳೆ, ಬಣ್ಣಗಳ ವಿಷಯದಲ್ಲಿ ಹಳೆಯ ಪದ್ಧತಿಯನ್ನು ಬಹು ಶ್ರದ್ಧೆಯಿಂದ ಅನುಸರಿಸುತ್ತಾರೆ. ಚಳಿ ಕಾಯಿಸುವ ಒಲೆಯ ವಿಷಯಕ್ಕೆ ಬಂದಾಗ ಮಾತ್ರ ಅದು ಕೇವಲ ಸೌಕರ್ಯದ ಪ್ರಶ್ನೆಯೆಂದು ಭಾವಿಸಿ, ಪೇಟೆಯಲ್ಲಿ ದೊರೆತುದನ್ನು ತಂದು ತೆರಪಿದ್ದ ಕಡೆ ನಿಲ್ಲಿಸುವುದುಂಟು. ಇದು ಯುಕ್ತವಲ್ಲ. ಅಗ್ಗಿಷ್ಟಿಕೆಯು ಆ ದೋಣಿಯ ಚರಿತ್ರೆಗೆ ಶಾಸನಪ್ರಾಯವಾದ ಆಧಾರ. ಅಲ್ಲದೆ, ಮರದ ಆಯುಸ್ಸೂ ಒಳಗೆ ಮಲಗುವವರ ಪ್ರಾಣವೂ ಅದನ್ನು ಅವಲಂಬಿಸಿವೆ.

ಬ್ರಿಜ್‌ವಾಟರ್ ಡ್ಯೂಕನ ಕಾಲುವೆಯು ೧೭೬೧ರಲ್ಲಿ ಸಂಚಾರಕ್ಕೆ ತೆರೆದ ಮೇಲೆ ಎರಡು ತಲೆಮಾರುಗಳ ಕಾಲ ದೋಣಿ ನಡೆಸುವುದು ಬಹುಮಟ್ಟಿಗೆ ಗಂಡಸರ ಕಸುಬಾಗಿತ್ತು. ಅವರ ಹೆಂಡಿರು ಮಕ್ಕಳು ದಡದ ಮೇಲಿನ ಮನೆಗಳಲ್ಲಿದ್ದರು. ೧೮೩೦ರಲ್ಲಿ ಲಿವರ್‌ಪೂಲ್‌ಗೂ ಮ್ಯಾಂಚೆಸ್ಟರಿಗೂ ನಡುವೆ ರೈಲುಮಾರ್ಗ ಆರಂಭವಾಗಿ, ಕ್ರಮೇಣ ಅಂತಹ ಮಾರ್ಗಗಳು ದೇಶದಲ್ಲೆಲ್ಲಾ ಹಬ್ಬಲು, ಕಾಲುವೆಯ ಬಾಡಿಗೆದರಗಳು ಇಳಿದವು. ಕೂಲಿಯಾಳನ್ನಿಟ್ಟುಕೊಳ್ಳಲೂ ದಡದಲ್ಲಿ ಬೇರೆ ಮನೆಯನ್ನು ನಡೆಸಲೂ ಶಕ್ತಿ ಸಾಲದೆ ಅನೇಕ ದೋಣಿಗಾರರು ಸಂಸಾರವನ್ನೇ ದೋಣಿಗೆ ಕರೆತಂದರು. ಅಲ್ಲಿಯವರೆಗೆ ಕೇವಲ ತಂಗುವ ಸ್ಥಳವಾಗಿದ್ದ ಹಿಂಬದಿಯ ಕೋಣೆ ಮನೆಯಾಯಿತು. ಗಂಡಸರ ಗಂಜಿ ಬೇಯುತ್ತಿದ್ದ ಒಲೆ ಸಂಸಾರದ ಒಲೆಯಾಯಿತು.

ಈ ಕೋಣೆಯ ರಚನೆ ಆಶ್ಚರ್ಯಕರವಾದುದು. ದೋಣಿಯ ಉದ್ದ ಸುಮಾರು ೭೦ ಅಡಿಯಾದರೂ ಅಗಲ ೭ ಅಡಿ ಮಾತ್ರ. ಅದರಲ್ಲಿ ವಾಸಕ್ಕೆ ಬಿಟ್ಟ ಕೋಣೆಯ ಉದ್ದ ಎಂಟೊಂಬತ್ತು ಅಡಿಗಳು. ಉಳಿದುದೆಲ್ಲವೂ ಸರಕಿನದು. ಹಿಂದಿನ ಬಾಗಿಲಿನಿಂದ ಇಳಿಯುವಾಗ ಕಾಲಿಡುವ ಮೆಟ್ಟಿಲೇ ಕಲ್ಲಿದ್ದಲ ಪೆಟ್ಟಿಗೆ. ಎಡಗಡೆ ಎರಕದ ಕಬ್ಬಿಣದ ಒಲೆ, ಅದನ್ನು ಹೊಂದಿ ಒಂದು ಗೂಡು. ಈ ಗೂಡಿನ ಕದವನ್ನು ಕೆಳಕ್ಕೆ ಮಡಿಸಿದರೆ ಊಟದ ಮೇಜು. ಬಲಗಡೆ ಉದ್ದಕ್ಕೆ ಜಗಲಿಯಂತಹ ಪೀಠ, ಮುಂದುಗಡೆ ರಾತ್ರಿ ಬಿಚ್ಚಿ ಹಗಲು ಮಡಿಸುವ ಅಡ್ಡಹಾಸಿಗೆ. ಒಲೆಯನ್ನು ಬಾಗಿಲ ಸಮೀಪದಲ್ಲಿಟ್ಟುದು ಆಕಸ್ಮಿಕವಲ್ಲ. ಚುಕ್ಕಾಣಿ ಹಿಡಿದವನು ಬಾಗಿಲ ಕಂಡಿಯಲ್ಲೇ ನಿಂತಿರುತ್ತಿದ್ದುದರಿಂದ ಹಿಮಗಾಳಿಯಲ್ಲೂ ಅವನ ಕಾಲಿಗೆ ಬಿಸಿ ತಟ್ಟುತ್ತಿತ್ತು. ಒಳಗಿದ್ದ ಗೃಹಿಣಿ ಪಾತ್ರೆಯ ಮೇಲೂ ಚುಕ್ಕಾಣಿಯ ಮೇಲೂ ಏಕಕಾಲದಲ್ಲಿ ಕಣ್ಣಿಡಬಹುದಾಗಿತ್ತು. ಮಾಡಿನ ಮೇಲಿನ ಹೊಗೆಕೊಳವೆಗೆ ಹಿತ್ತಾಳೆಯ ಬಳೆಗಳ ಅಲಂಕಾರ. ತಗ್ಗಾದ ಸೇತುವೆ ಬಂದಾಗ ಕಳಚಿಡಲು ಅನುವಾಗುವಂತೆ ಅದನ್ನು ಬಿಡಿಯಾಗಿ ಮಾಡಿ, ನೀರಿಗೆ ಬೀಳದಂತೆ ಸರಪಳಿಯಿಂದ ಬಿಗಿಯುತ್ತಿದ್ದರು. ದಾರಿದ್ರ್ಯದ ನಡುವೆಯೂ ಈ ಹಿತ್ತಾಳೆಯನ್ನು ಬೆಳಗಿಡುತ್ತಿದ್ದುದು ಮನೆತನದ ಮರ್ಯಾದೆಯ ಗುರುತು.

ಈ ಜೀವನವನ್ನು ಕೇವಲ ರಮ್ಯವೆಂದು ಬಣ್ಣಿಸುವುದು ಸಲ್ಲದು. ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಎಂಬಾತನು ೧೮೭೫ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ಇಂತಹ ಗೂಡಿನಲ್ಲಿ ಕಿಕ್ಕಿರಿದು ಬಾಳುವ ಮಕ್ಕಳ ದುಃಸ್ಥಿತಿಯನ್ನು ಲೋಕದ ಮುಂದಿಟ್ಟನು. ಅದರ ಫಲವಾಗಿ ೧೮೭೭ರ ಕಾಲುವೆದೋಣಿಗಳ ಕಾಯಿದೆಯೂ ೧೮೮೪ರ ತಿದ್ದುಪಡಿಯೂ ಬಂದವು. ದೋಣಿಯನ್ನು ವಾಸಗೃಹವೆಂದು ದಾಖಲುಮಾಡಿ, ಹನ್ನೆರಡು ವರ್ಷ ಮೀರಿದವರಿಗೆ ತಲೆಗೆ ೬೦ ಘನ ಅಡಿ, ಚಿಕ್ಕವರಿಗೆ ೪೦ ಘನ ಅಡಿ ಸ್ಥಳವಿರಬೇಕೆಂದು ನಿಯಮಗಳಾದವು. ಸರ್ಕಾರವು ಮನೆಯೆಂದು ಒಪ್ಪಿಕೊಳ್ಳುವ ಮೊದಲೇ ಒಲೆಯು ಅದನ್ನು ಮನೆಯನ್ನಾಗಿಸಿತ್ತೆಂಬುದು ಗಮನಾರ್ಹ.

ಇನ್ನು ಮರದ ವಿಚಾರ. ಈ ದೋಣಿಗಳ ಪಕ್ಕದ ಹಲಗೆಗಳು ಸಾಮಾನ್ಯವಾಗಿ ಓಕ್, ತಳದವು ಎಲ್ಮ್. ಸದಾ ನೀರಲ್ಲಿ ಮುಳುಗಿರುವ ತಳದ ಮರಕ್ಕೆ ಗಾಳಿ ಸೋಕದುದರಿಂದ ಅದು ಬೇಗ ಕೊಳೆಯುವುದಿಲ್ಲ. ದೋಣಿಯನ್ನು ಕೊಲ್ಲುವುದು ಮೇಲಿನಿಂದ ಇಳಿಯುವ ಮಳೆನೀರು, ಒಳಗೆ ನಿಂತ ತೇವ. ಮನುಷ್ಯರ ಉಸಿರು, ಅಡಿಗೆಯ ಆವಿ, ಒದ್ದೆ ಬಟ್ಟೆ ಇವುಗಳಿಂದೇಳುವ ತೇವವು ತಣ್ಣಗಿರುವ ಹಲಗೆಗೆ ತಾಗಿ ಹನಿಗಟ್ಟುತ್ತದೆ. ಹಳೆಯ ಒಲೆ ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿದು, ಕೊಳವೆಯ ಮೂಲಕ ಹೊರಗಟ್ಟುತ್ತಿದ್ದುದರಿಂದ ತೇವವೂ ಅದರೊಡನೆ ಹೋಗುತ್ತಿತ್ತು. ಹೊರಗಾಳಿಯಿಂದಲೇ ಉರಿಯುವ ಇಂದಿನ ಎಣ್ಣೆಯ ಶಾಖಯಂತ್ರದಲ್ಲಿ ವಿಷವಾಯುವಿನ ಭಯ ಕಡಿಮೆಯೆಂಬುದು ದೊಡ್ಡ ಗುಣವೇ. ಆದರೆ ಗಾಳಿಗಂಡಿಗಳನ್ನು ಬೇರೆಯಾಗಿ ಬಿಡದಿದ್ದರೆ, ಒಳಹೊದಿಕೆಯ ಹಿಂದೆ ತೇವ ಸೇರಿ, ಕಣ್ಣಿಗೆ ಬೀಳದಂತೆ ಕೊಳೆ ಹಬ್ಬುತ್ತದೆ. ಶಾಖವು ಅತಿಯಾದರೆ ಅದೂ ಕೇಡೇ. ನೀರಿನ ಮಟ್ಟಕ್ಕೆ ಮೇಲಿರುವ ಹಲಗೆಗಳು ಒಣಗಿ ಕುಗ್ಗಿ, ನಾರು ತುರುಕಿದ ಸಂದುಗಳು ಬಿಡುತ್ತವೆ. ಹಾಗಾದ ದೋಣಿ ಮುಂದೆ ಭಾರದಿಂದ ತಗ್ಗಿದಾಗ ಆ ಸಂದುಗಳಲ್ಲೇ ನೀರು ನುಗ್ಗುತ್ತದೆ.

ಹಳೆಯ ದೋಣಿಯನ್ನು ಮನೆಯಾಗಿ ಪರಿವರ್ತಿಸಿದವರಲ್ಲಿ ಎಲ್. ಟಿ. ಸಿ. ರೋಲ್ಟ್ ಸುಪ್ರಸಿದ್ಧನು. ಷ್ರಾಪ್‌ಷೈರ್ ಯೂನಿಯನ್ ಕಂಪೆನಿಗಾಗಿ ಕಟ್ಟಿದ್ದ 'ಕ್ರೆಸಿ' ಎಂಬ ಮರದ ದೋಣಿಯನ್ನು ಆತನು ಬ್ಯಾನ್‌ಬರಿಯ ಟೂಲಿ ಮನೆತನದವರ ಕಟ್ಟೆಯಲ್ಲಿ ಸಜ್ಜುಗೊಳಿಸಿ, ೧೯೩೯ರ ಜುಲೈಯಲ್ಲಿ ಪತ್ನಿಯೊಡನೆ ಹೊರಟನು. ಆ ವರ್ಷದ ಚಳಿಗಾಲವೇ ಬಹು ಕಠಿನವಾಗಿತ್ತು. ೧೯೪೪ರಲ್ಲಿ ಅವನ 'ನ್ಯಾರೋ ಬೋಟ್' ಪ್ರಕಟವಾಯಿತು. ಅದನ್ನೋದಿ ಎಚ್ಚತ್ತವರಿಂದ ೧೯೪೬ರಲ್ಲಿ ಕಾಲುವೆಗಳ ರಕ್ಷಣೆಗಾಗಿ ಸಂಘವೂ ಸ್ಥಾಪಿತವಾಯಿತು. ಕಾಲುವೆಗಳು ಉಳಿದುವು; ಕ್ರೆಸಿ ಉಳಿಯಲಿಲ್ಲ. ಸುಮಾರು ಹನ್ನೆರಡು ವರ್ಷಗಳ ವಾಸದ ತರುವಾಯ ಅದರ ಮರ ದುರಸ್ತಿಗೆ ಮೀರಿ ಜೀರ್ಣವಾಗಿದೆಯೆಂದು ನಿರ್ಣಯವಾಗಿ, ಅದನ್ನು ಮುಳುಗಿಸಲಾಯಿತು.

ಜೀರ್ಣೋದ್ಧಾರಕರು ಹಳೆಯ ಒಲೆಯ ನೆಲೆಯನ್ನು ಕೆದಕುವಾಗ ಸುಟ್ಟ ಕಲೆ, ಮೊಳೆಯ ತೂತು, ತಗಡಿನ ಚೂರುಗಳನ್ನು ಮೊದಲು ಅಳೆದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆ ಕಿತ್ತರೆ ಆ ಲಿಪಿ ಮತ್ತೆ ದೊರೆಯದು. ಆದರೆ ಪ್ರಾಚೀನತೆಯ ಮೇಲಣ ಗೌರವಕ್ಕೂ ಮಿತಿಯುಂಟು. ಇಪ್ಪತ್ತನೆಯ ಶತಮಾನದಲ್ಲಿ ಒಲೆಯ ಹಿಂದೆ ಬೆಂಕಿತಡೆಗಾಗಿ ಹೊಡೆದ ಹಲಗೆಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದು, ೧೯೯೯ರ ವೇಳೆಗೆ ಬ್ರಿಟನ್ನಿನಲ್ಲಿ ಅದರ ಬಳಕೆ ಸಂಪೂರ್ಣ ನಿಷಿದ್ಧವಾಯಿತು. ಅಂತಹ ಹಲಗೆಯನ್ನು ಬಲ್ಲವರಿಂದ ತೆಗೆಯಿಸಿ, ಒಲೆಗೂ ಮರಕ್ಕೂ ನಡುವೆ ಗಾಳಿಯಾಡುವ ತೆರಪನ್ನು ಬಿಟ್ಟು, ಉರಿಯದ ಫಲಕವನ್ನು ನಿಲ್ಲಿಸಬೇಕು. ಕೊಳವೆ ಮಾಡನ್ನು ಹಾಯುವೆಡೆ ಮರವನ್ನು ಹಿಂದಕ್ಕೆ ಕತ್ತರಿಸಿ ಲೋಹದ ಕೊರಳುಪಟ್ಟಿಯನ್ನು ತೊಡಿಸಬೇಕು. ಘನ ಇಂಧನದ ಒಲೆಗಳನ್ನು ಸಣ್ಣ ದೋಣಿಗಳಲ್ಲಿ ಕೂರಿಸುವ ಕ್ರಮವನ್ನು ೨೦೧೦ರಲ್ಲಿ ಬ್ರಿಟಿಷ್ ಮಾನಕಸಂಸ್ಥೆಯೇ ಸಂಹಿತೆಯಾಗಿ ಪ್ರಕಟಿಸಿತು. ೨೦೧೯ರ ಏಪ್ರಿಲ್ ೧ರಿಂದ, ಅಲ್ಲಿಯ ದೋಣಿಸುರಕ್ಷತಾ ಪರೀಕ್ಷೆಗೆ ಒಳಪಡುವ ವಾಸದ ದೋಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಯುವನ್ನು ಕಂಡು ಕೂಗುವ ಸಾಧನವೂ ಕಡ್ಡಾಯವಾಗಿದೆ. ಹಿತ್ತಾಳೆಯ ಬಳೆಗಳ ಹೊಗೆಕೊಳವೆಯಿರುವ ಕೋಣೆಯಲ್ಲಿ ಈ ಸಣ್ಣ ಬಿಳಿಯ ಪೆಟ್ಟಿಗೆ ಕಣ್ಣಿಗೆ ಒಪ್ಪುವುದಿಲ್ಲವೆಂದು ಕೆಲವರು ಅದನ್ನು ಗೂಡಿನೊಳಗೆ ಅಡಗಿಸಿಡುತ್ತಾರೆ. ಅಲ್ಲಿ ಅದಕ್ಕೆ ಗಾಳಿ ತಲುಪುವುದಿಲ್ಲ.